ಅಂತರಗಂಗೆ ಬಂಡೆಗಳು ಉಲ್ಕೆಯಿಂದ ಬಂದವಲ್ಲ

ಅಂತರಗಂಗೆ ಬೆಟ್ಟದ ಬಂಡೆಗಳು ಉಲ್ಕೆ ಬಿದ್ದು ಚೆಲ್ಲಾಡಿದ್ದಾ, ಉಲ್ಕೆ ಬಿದ್ದಮೇಲೆ ಯಾವುದು ಮೊದಲು ಆಯಿತು ಅಂತ ಕಲ್ಲು ನೋಡಿ ಹೇಗೆ ಹೇಳುತ್ತಾರೆ ಅಂತ ಕೇಳಿದ್ದೀರಿ. ನಾನೂ ಕೋಲಾರದವನೇ, ಚಿಕ್ಕವನಿದ್ದಾಗ ಹಾಗೇ ಅಂದುಕೊಂಡಿದ್ದೆ. ಅಲ್ಲ ಸರ್. ಅವು ಮಳೆ, ಬಿಸಿಲಿಗೆ ಬಿರುಕು ಬಿಟ್ಟು ಮೂಲೆ ಸವೆದ ಗ್ರಾನೈಟ್ ಅಷ್ಟೇ.

ಎರಡನೇ ಪ್ರಶ್ನೆಗೆ, ಒಂದು ಬಾಟಲಿಗೆ ಕೆರೆ ಮಣ್ಣು, ನೀರು ಹಾಕಿ ಅಲ್ಲಾಡಿಸಿ ಸುಮ್ನೆ ಇಡಿ. ಹರಳು ಮೊದಲು ತಳ ಸೇರುತ್ತದೆ, ಆಮೇಲೆ ಮರಳು, ಜೇಡಿಮಣ್ಣು ಕೊನೆಗೆ. ಅಂದರೆ ಕೆಳಗಿರುವುದು ಮೊದಲು ಕೂತಿದ್ದು, ಮೇಲಿರುವುದು ಆಮೇಲೆ. ಉಲ್ಕೆ ಬಿದ್ದ ಜಾಗದ ಕಲ್ಲನ್ನೂ ಹೀಗೇ ಓದುತ್ತಾರೆ.

ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ಉಲ್ಕೆ ಬಿದ್ದಿದ್ದು 6.6 ಕೋಟಿ ವರ್ಷದ ಹಿಂದೆ. 2016ರಲ್ಲಿ ಅಲ್ಲಿ ಸಮುದ್ರದ ತಳವನ್ನು 1,300 ಮೀಟರಿಗೂ ಜಾಸ್ತಿ ಕೊರೆದರು. (ನಮ್ಮ ಬೋರ್‌ವೆಲ್‌ನವರಿಗೂ ಅಷ್ಟು ಧೈರ್ಯ ಇಲ್ಲ!) ಸಿಕ್ಕಿದ ಕಲ್ಲಿನ ಕಂಬದಲ್ಲಿ ಕೆಳಗೆ ಕರಗಿ ಗಟ್ಟಿಯಾದ ಕಲ್ಲು, ಅದು ಮೊದಲ ಕೆಲವು ನಿಮಿಷಗಳದ್ದು. ಮೇಲೆ ಗಾಜಿನ ಚೂರು, ಒಡೆದ ಕಲ್ಲು ಬೆರೆತ ಪದರ. ಕೆಳಗೆ ದಪ್ಪ ಚೂರು, ಮೇಲೆ ಹೋದಂತೆ ಸಣ್ಣದು. ನಿಮ್ಮ ಬಾಟಲಿಯ ಥರಾನೇ ಅಲ್ವಾ? ಉಲ್ಕೆ ಬಿದ್ದು ಆದ ಗುಂಡಿಗೆ ಸಮುದ್ರ ವಾಪಸ್ ನುಗ್ಗಿದಾಗ ಕೂತಿದ್ದು ಅದು. ಎಲ್ಲಕ್ಕಿಂತ ಮೇಲೆ ಇದ್ದಿಲಿನ ಚೂರುಗಳು. ದಡದ ಕಾಡು ಸುಟ್ಟಿದ್ದನ್ನು ಸುನಾಮಿ ಹೊತ್ತು ತಂದು ಹಾಕಿತ್ತು. ಇಷ್ಟೂ ಸೇರಿ ಸುಮಾರು 130 ಮೀಟರ್, ಎಲ್ಲಾ ಒಂದೇ ದಿನದ್ದು.