ಓದುಗರ ಪ್ರಶ್ನೆ, ನಮ್ಮ ಉತ್ತರ: ಮಲಗೋಕೆ ಜಾಗ ಸಿಕ್ಮೇಲೆ ಮುಂದೇನು?

ಹೋದ ಸಂಚಿಕೇಲಿ ನಾನು ಚಿಕ್ಕಮಗಳೂರಲ್ಲಿ ಒಂದು ಸೇವಾ ಸಂಸ್ಥೆ ನಡೆಸೋ ತಂಗುದಾಣದಲ್ಲಿ ಆರು ವರ್ಷ ಕೆಲಸ ಮಾಡಿದ್ದರ ಬಗ್ಗೆ ಬರ್ದಿದ್ದೆ. ಮನೆ ಇಲ್ಲದೋರಿಗೆ ಸ್ವಲ್ಪ ದಿನದ ಮಟ್ಟಿಗೆ ಮಲಗೋಕೆ ಜಾಗ ಕೊಡೋದು, ಊಟ, ಔಷಧಿ, ಕಾಗದಪತ್ರ ಮಾಡಿಸಿಕೊಡೋದು, ಆಮೇಲೆ ಅವರು ಮುಂದಕ್ಕೆ ಹೋಗೋ ದಾರಿ ಹುಡುಕೋದು, ಇದೇ ಅಲ್ಲಿ ಕೆಲಸ. ಅದನ್ನ ಓದಿ ತುಂಬಾ ಜನ ಕಾಗದ ಬರ್ದಿದೀರಿ, ವಾಟ್ಸಾಪಲ್ಲಿ ಕೇಳಿದೀರಿ. ಹೆಸರು ಹಾಕ್ಬೇಡಿ ಅಂದೋರೇ ಜಾಸ್ತಿ, ಅದಕ್ಕೆ ಊರು ಮಾತ್ರ ಹಾಕಿದೀನಿ.

ಅಕ್ಕ, ನಮ್ಮ ಅಂಗಡಿ ಇರೋದು ಐ.ಜಿ. ರಸ್ತೇಲಿ. ಎರಡು ತಿಂಗಳಿಂದ ಒಬ್ಬ ಅಜ್ಜ ನಮ್ಮ ಶಟರ್ ಮುಂದೆನೇ ಮಲಗ್ತಾರೆ. ಓಡಿಸೋಕೆ ಮನಸ್ಸು ಬರಲ್ಲ, ಹಂಗೇ ಬಿಡೋಕೂ ಆಗ್ತಿಲ್ಲ, ಈ ಚಳೀಲಿ ಏನಾದ್ರೂ ಆದ್ರೆ ಅಂತ ಭಯ. ಫೋನ್ ಮಾಡಿ ನಿರಾಶ್ರಿತರ ಕೇಂದ್ರಕ್ಕೆ ಕಳಿಸ್ಲಾ? (ಚಿಕ್ಕಮಗಳೂರು)

ಓಡಿಸದೇ ಇದ್ದಿದ್ದಕ್ಕೆ ಮೊದಲು ನಿಮಗೆ ಕೈ ಮುಗೀತೀನಿ. ಫೋನ್ ಮಾಡೋಕೆ ಮುಂಚೆ ಒಂದು ಕೆಲಸ ಮಾಡಿ, ಬೆಳಿಗ್ಗೆ ಅಂಗಡಿ ತೆಗಿಯೋವಾಗ ಅವರ ಪಕ್ಕ ಎರಡು ನಿಮಿಷ ಕೂತು "ಊಟ ಆಯ್ತಾ ಅಜ್ಜ" ಅಂತ ಕೇಳಿ. ನಾವು ರಾತ್ರಿ ಟಾರ್ಚ್ ಹಿಡ್ಕೊಂಡು ಬಸ್‌ಸ್ಟ್ಯಾಂಡ್, ಮಾರ್ಕೆಟ್ ಕಡೆ ಸುತ್ತೋವಾಗ ಹೆಸರು ಊರು ಏನೂ ಕೇಳ್ತಿರ್ಲಿಲ್ಲ, ಊಟದ್ದೇ ಮೊದಲು ಕೇಳ್ತಿದ್ವಿ. ಯಾಕಂದ್ರೆ ಹೆಸರು ಕೇಳಿದ್ರೆ ಪೊಲೀಸ್ ಅಂದ್ಕೊಂಡು ಎದ್ದು ಹೋಗ್ಬಿಡ್ತಾರೆ, ಮಾರನೇ ದಿನ ಆ ಜಾಗದಲ್ಲಿ ಇರೋದೇ ಇಲ್ಲ. ಮೂರ್ನಾಲ್ಕು ದಿನ ಹಂಗೆ ಮಾತಾಡಿಸಿದ್ರೆ ಅವರೇ ಹೇಳ್ತಾರೆ, ಯಾವೂರು, ಯಾರಿದಾರೆ, ಕಾಲಿಗೆ ಏನಾಗಿದೆ ಅಂತ.

ಇನ್ನು ನಿರಾಶ್ರಿತರ ಪರಿಹಾರ ಕೇಂದ್ರ ಬೇರೆ, ತಂಗುದಾಣ ಬೇರೆ. ಇದನ್ನ ಓದಿರೋರೂ ಒಂದೇ ಅಂದ್ಕೊಂಡಿದಾರೆ. ಪರಿಹಾರ ಕೇಂದ್ರ ಇರೋದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಕೆಳಗೆ, ಭಿಕ್ಷೆ ಬೇಡೋರನ್ನ ಹಿಡಿದು ಕರ್ಕೊಂಡು ಹೋಗಿ ಇಡೋ ಜಾಗ ಅದು. ನೀವು ಕಟ್ಟೋ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಭಿಕ್ಷುಕರ ಕರ ಅಂತ ನೂರಕ್ಕೆ 3 ಹಾಕಿರ್ತಾರೆ, ಆ ದುಡ್ಡು ಅದಕ್ಕೇ ಹೋಗೋದು. ತಂಗುದಾಣಕ್ಕೆ ಬರೋದೂ ಹೋಗೋದೂ ಅವರವರ ಇಷ್ಟ. ನಿಮ್ಮ ಅಜ್ಜ ಭಿಕ್ಷೆ ಬೇಡ್ತಿಲ್ಲ, ಮಲಗೋಕೆ ಜಾಗ ಇಲ್ಲ ಅಷ್ಟೇ, ಅವರನ್ನ ವ್ಯಾನಿಗೆ ಹತ್ತಿಸಿ ಕಳಿಸ್ಬೇಡಿ. ನಗರಸಭೇಲಿ ನಗರದ ಬಡವರ ಜೀವನೋಪಾಯದ ಯೋಜನೆ ನೋಡೋ ವಿಭಾಗ ಯಾವುದು ಅಂತ ಕೇಳಿ (2024ರ ತನಕ ಡೇ-ನಲ್ಮ್ ಅಂತಿದ್ರು), ವಸತಿರಹಿತರ ತಂಗುದಾಣದ ವಿಷಯ ಅವರ ಹತ್ರನೇ ಇರುತ್ತೆ. ಹಿರಿಯರಿಗೆ ಅಂತ 14567 ಸಹಾಯವಾಣಿ ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ. ರಾತ್ರಿ ಹೊತ್ತು ಮೈ ತಣ್ಣಗಾಗಿ ನಡುಕ ನಿಂತು ಮಾತು ತೊದಲ್ತಾ ಇದ್ರೆ ಮಾತ್ರ ಯಾರನ್ನೂ ಕೇಳ್ತಾ ಕೂರ್ಬೇಡಿ, ನೇರ 108ಕ್ಕೆ ಫೋನ್ ಮಾಡಿ.

ಒಂದು ಮಾತು, ಮೊದಲನೇ ಸಲ ಕರೆದಾಗ ಬರಲ್ಲ ಅಂದ್ರೆ ಬೇಜಾರಾಗ್ಬೇಡಿ. ನಮ್ಮಲ್ಲಿಗೆ ಒಬ್ಬರು ಬರೋಕೆ ಐದು ತಿಂಗಳು ಹಿಡೀತು. ಅವರ ಗಂಟು ಯಾರಾದ್ರೂ ಕದೀತಾರೆ ಅಂತ ಭಯ ಅವರಿಗೆ. ಆ ಗಂಟಲ್ಲಿ ಇದ್ದಿದ್ದು ತೀರ್ಕೊಂಡ ಹೆಂಡತಿ ಸೀರೆ, ಒಂದು ಫೋಟೋ. ಒಂದು ಸಣ್ಣ ಟ್ರಂಕು ಕೊಟ್ಟು ಬೀಗದ ಕೈ ಅವರ ಉಡುದಾರಕ್ಕೇ ಕಟ್ಟಿದ್ಮೇಲೆ ಬಂದು ಮಲಗಿದ್ರು.

ಮೇಡಂ, ತಪ್ಪು ತಿಳ್ಕೋಬೇಡಿ, ಪುಕ್ಕಟೆ ಊಟ, ಪುಕ್ಕಟೆ ಹಾಸಿಗೆ ಕೊಟ್ರೆ ಜನ ಸೋಮಾರಿಗಳಾಗಲ್ವಾ? (ತರೀಕೆರೆ)

ತಪ್ಪು ತಿಳ್ಕೊಳಲ್ಲ, ಕೆಲಸಕ್ಕೆ ಸೇರೋ ಮುಂಚೆ ನಂಗೂ ಇದೇ ಡೌಟಿತ್ತು. ಅಲ್ಲಿಗೆ ಹೋದ ಮೇಲೆ ಗೊತ್ತಾಗಿದ್ದು, ಬೆಳಿಗ್ಗೆ ಏಳೂವರೆಗೆ ಹಾಲ್ ಮುಕ್ಕಾಲು ಖಾಲಿ ಆಗ್ತಿತ್ತು. ಛತ್ರದಲ್ಲಿ ಬಡಿಸೋರು, ಹೋಟ್ಲಲ್ಲಿ ತಟ್ಟೆ ತೊಳೆಯೋರು, ಮಂಡೀಲಿ ಮೂಟೆ ಹೊರೋರು, ಕಾಫಿ ಕ್ಯೂರಿಂಗಲ್ಲಿ ದಿನಗೂಲಿಗೆ ಹೋಗೋರು, ಗಾರೆ ಕೆಲಸದೋರು. ದುಡಿತಾರೆ, ಆದ್ರೆ ರೂಮ್ ಸಿಗಲ್ಲ. ರೂಮ್ ಅಂದ್ರೆ ಅಡ್ವಾನ್ಸ್ ಕೊಡ್ಬೇಕು, ಆಧಾರ್ ತೋರಿಸ್ಬೇಕು, ಒಂಟಿ ಗಂಡಸಿಗೆ ಯಾರೂ ಕೊಡಲ್ಲ, ಜಾತಿ ಕೇಳ್ತಾರೆ, ಗುರುತಿರೋರು ಯಾರು ಅಂತಾರೆ. ರಸ್ತೇಲಿ ಮಲಗೋನ ಹತ್ರ ದುಡ್ಡು ಉಳಿಯೋದೂ ಇಲ್ಲ, ರಾತ್ರಿ ಜೇಬಿಂದ ಹೋಗುತ್ತೆ, ಹಂಗಾಗಿ ಸಂಜೆನೇ ಖರ್ಚು ಮಾಡ್ಬಿಡ್ತಾನೆ, ಅದನ್ನ ನೋಡಿ ನಾವು ಕುಡ್ಕ ಅಂತೀವಿ. ಕುಡಿಯೋರೂ ಇದಾರೆ ನಿಜ, ನಾನು ಸುಳ್ಳು ಹೇಳಲ್ಲ, ಕುಡಿದ್ರೆನೇ ಆ ಚಳೀಲಿ ಸಿಮೆಂಟಿನ ಮೇಲೆ ನಿದ್ದೆ ಬರೋದು ಅಂತ ಒಬ್ಬರು ಹೇಳಿದ್ದು ಇವತ್ತಿಗೂ ನೆನಪಿದೆ.

ನಮ್ಮಲ್ಲಿ ಮಾಡ್ತಿದ್ದಿದ್ದು ಇಷ್ಟು, ಬಂದ ಮೊದಲನೇ ವಾರ ಏನೂ ಕೇಳ್ತಿರ್ಲಿಲ್ಲ, ಬರೀ ನಿದ್ದೆ ಮಾಡಿ ಅಂತಿದ್ವಿ. ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಇಲ್ಲದ ಮನುಷ್ಯನಿಗೆ ಮುಂದೇನು ಮಾಡ್ತೀಯಾ ಅಂತ ಕೇಳಿದ್ರೆ ಅವನು ಏನು ಹೇಳ್ಬೇಕು? ಎರಡನೇ ವಾರ ಆಧಾರ್, ಮೂರನೇ ವಾರ ಬ್ಯಾಂಕ್ ಖಾತೆ, ಆಮೇಲೆ ದಿನಕ್ಕೆ 50 ಆಗ್ಲಿ 100 ಆಗ್ಲಿ ಖಾತೆಗೆ ಹಾಕೋ ಅಭ್ಯಾಸ. ತಂಗುದಾಣ ತಾತ್ಕಾಲಿಕ ನಿಜ, ಆದ್ರೆ ಇಷ್ಟೇ ದಿನ ಅಂತ ಕಡ್ಡಿ ಮುರಿದಂಗೆ ಹೇಳೋಕಾಗಲ್ಲ. ಕೆಲವರು ಎರಡು ತಿಂಗಳಲ್ಲಿ ರೂಮ್ ಮಾಡ್ಕೊಂಡು ಹೋದ್ರು, ಕೆಲವರಿಗೆ ಒಂದೂವರೆ ವರ್ಷ ಬೇಕಾಯ್ತು.

ನಮ್ಮಪ್ಪ 32 ವರ್ಷ ಎಸ್ಟೇಟಲ್ಲಿ ಕೆಲಸ ಮಾಡಿದ್ರು. ಈಗ ಮೈಲಿ ಶಕ್ತಿ ಇಲ್ಲ, ಕೆಲಸ ಬಿಟ್ರು ಅಂತ ಎಸ್ಟೇಟಿನೋರು ಕೊಟ್ಟಿದ್ದ ಲೈನ್ ಮನೆ ಖಾಲಿ ಮಾಡಿ ಅಂತಿದಾರೆ. ಅಪ್ಪ ಅಮ್ಮ ಇಬ್ರನ್ನೂ ನಿಮ್ಮಂಥ ಕಡೆ ಸೇರಿಸ್ಬಹುದಾ? ನಾನು ಬೆಂಗಳೂರಲ್ಲಿ ಪಿ.ಜಿ.ಲಿ ಇದೀನಿ. (ಬಾಳೆಹೊನ್ನೂರು)

ತಮ್ಮಾ, ನಿನ್ನ ಕಾಗದ ಓದಿ ನಂಗೆ ತುಂಬಾ ಸಂಕಟ ಆಯ್ತು, ಯಾಕಂದ್ರೆ ಚಿಕ್ಕಮಗಳೂರಲ್ಲಿ ಮನೆ ಇಲ್ಲದೋರು ಅಂದ್ರೆ ಎಲ್ಲಿಂದಲೋ ಬಂದೋರು ಅಂತ ಜನ ಅಂದ್ಕೊತಾರೆ, ಆದ್ರೆ ನಮ್ಮಲ್ಲಿಗೆ ಬರ್ತಿದ್ದ ಮುದುಕರಲ್ಲಿ ಬಹಳ ಜನ ಇಲ್ಲೇ ಗುಡ್ಡದ ಮೇಲೆ ಹಣ್ಣು ಬಿಡಿಸಿ, ಚಿಗುರು ತೆಗೆದು, ಕೊಪ್ಪೆ ಹಾಕ್ಕೊಂಡು ಮಳೇಲಿ ದುಡಿದೋರು. ಹುಟ್ಟಿದ್ದು ಲೈನಲ್ಲಿ, ಮದುವೆ ಆಗಿದ್ದು ಲೈನಲ್ಲಿ, ಸ್ವಂತಕ್ಕೆ ಒಂದು ಗೇಣು ಜಾಗ ಇಲ್ಲ. ಕೆಲಸ ನಿಂತ ದಿನ ಮನೇನೂ ಹೋಯ್ತು.

ಬೇರೆ ದಾರಿನೇ ಇಲ್ಲ ಅಂದ್ರೆ ತಂಗುದಾಣಕ್ಕೆ ಬರ್ಬಹುದು, ಆದ್ರೆ ಈಗ್ಲೇ ಬರ್ಬೇಡಿ. ಸಾಮಾನು ಕಟ್ಟೋಕೆ ಮುಂಚೆ ಅಪ್ಪನ ಗ್ರ್ಯಾಚುಟಿ ಕೇಳು, ಅಂದ್ರೆ ಕೆಲಸ ಬಿಡೋವಾಗ ಮಾಲೀಕರು ಕೊಡ್ಬೇಕಾದ ಇಡುಗಂಟು. 1972ರಿಂದ ಈ ದೇಶದಲ್ಲಿ ಗ್ರ್ಯಾಚುಟಿ ಕಾನೂನಿದೆ, ತೋಟದ ಕಾರ್ಮಿಕರೂ ಅದರಲ್ಲಿ ಸೇರ್ತಾರೆ. 5 ವರ್ಷ ದಾಟಿದ್ರೆ ಸಾಕು, ಕೆಲಸ ಮಾಡಿದ ಒಂದೊಂದು ವರ್ಷಕ್ಕೂ 15 ದಿನದ ಕೂಲಿ ಲೆಕ್ಕ. 32 ವರ್ಷಕ್ಕೆ 480 ದಿನದ ಕೂಲಿ, ಕೊನೇಲಿ ತಗೊತಿದ್ದ ಕೂಲಿ ರೇಟಲ್ಲಿ. ಕೈಬರಹದಲ್ಲಿ ಅರ್ಜಿ ಬರ್ದು ಆಫೀಸಿಗೆ ಕೊಡು, ಇನ್ನೊಂದು ಕಾಪಿಗೆ ಸೀಲ್ ಹಾಕಿಸ್ಕೋ. ಕೊಡಲ್ಲ ಅಂದ್ರೆ ಕಾರ್ಮಿಕ ಇಲಾಖೆಗೆ ಹೋಗು. ಪಿ.ಎಫ್. ಹಿಡಿದಿದ್ರೆ ಅದೂ ನೋಡು. ಹಳೇ ಕೂಲಿ ಚೀಟಿ, ಅಪ್ಪನ ಹೆಸರಿರೋ ಯಾವ ಹಾಜರಿ ಪುಸ್ತಕದ ಫೋಟೋ ಸಿಕ್ರೂ ಇಟ್ಕೋ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸುಮ್ನಾಗ್ಬೇಡ, ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಕೈಲಾಗದೋರಿಗೆ ಪುಕ್ಕಟೆ ವಕೀಲರನ್ನ ಕೊಡ್ತಾರೆ, 15100ಕ್ಕೆ ಫೋನ್ ಮಾಡಿದ್ರೂ ಆಗುತ್ತೆ. ಅಪ್ಪನಿಗೆ 65 ದಾಟಿದ್ರೆ ನಾಡಕಚೇರೀಲಿ ಸಂಧ್ಯಾ ಸುರಕ್ಷಾ ಪಿಂಚಣಿಗೂ ಅರ್ಜಿ ಹಾಕ್ಸು, ತಿಂಗಳಿಗೆ 1200 ಬರುತ್ತೆ.

ನಮ್ಮಲ್ಲಿಗೆ ಬಂದ ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತಿ ಎಲ್ಲಾ ಬಂತು ಅಂತ ಬರ್ಕೊಟ್ಟು ಬಂದಿದ್ರು, ಬಂದಿದ್ದು ಒಂದು ಸೀರೆ, 5 ಸಾವಿರ. ಆಮೇಲೆ ನಾವೆಷ್ಟು ಓಡಾಡಿದ್ರೂ ಆ ಹೆಬ್ಬೆಟ್ಟೇ ಅಡ್ಡ ಬಂತು. ಅದಕ್ಕೆ ಹೇಳ್ತಿದೀನಿ, ಏನು ಬರ್ದಿದೆ ಅಂತ ಯಾರಾದ್ರೂ ಜೋರಾಗಿ ಓದಿ ಹೇಳೋ ತನಕ ಅಪ್ಪ ಎಲ್ಲೂ ಹೆಬ್ಬೆಟ್ಟು ಒತ್ತೋದು ಬೇಡ.

ಅಕ್ಕ, ಗಂಡ ಹೊಡಿತಾನೆ, ಎರಡು ಮಕ್ಕಳಿದಾರೆ, ತವರಲ್ಲಿ ಯಾರೂ ಇಲ್ಲ. ರಾತ್ರಿ ಎದ್ದು ಬಂದ್ರೆ ಎಲ್ಲಿಗೆ ಹೋಗ್ಲಿ? (ಊರು ಬೇಡ)

ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಮ್ಮ, ಹೊಡೀತಿರೋ ಹೊತ್ತಲ್ಲೇ ಆದ್ರೆ ಪೊಲೀಸಿಗೆ, 112. ಸಖಿ ಕೇಂದ್ರ ಅಂತ ಜಿಲ್ಲೆಗೊಂದಿದೆ, ಮಕ್ಕಳ ಜೊತೆ 5 ದಿನದ ತನಕ ಅಲ್ಲಿ ಇರ್ಬಹುದು, ಡಾಕ್ಟರು, ಪೊಲೀಸು, ವಕೀಲರು ಎಲ್ಲಾ ಅಲ್ಲಿಂದಾನೇ ನೋಡ್ತಾರೆ. ಆಮೇಲೂ ಜಾಗ ಬೇಕು ಅಂದ್ರೆ ಶಕ್ತಿ ಸದನಕ್ಕೆ ಅವರೇ ಕಳಿಸ್ತಾರೆ, ಮೊದಲು ಸ್ವಾಧಾರ ಗೃಹ ಅಂತಿದ್ರಲ್ಲ ಅದೇ. ಮನೆ ಅವನ ಹೆಸರಲ್ಲಿದ್ರೂ ಅಲ್ಲಿ ಇರೋ ಹಕ್ಕು ನಿನಗಿದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೇಲಿ ಅದನ್ನ ಬರ್ದಿದಾರೆ. ಬರೋವಾಗ ಮಕ್ಕಳ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಬಾ, ಸಿಗ್ಲಿಲ್ಲ ಅಂದ್ರೆ ಅದಕ್ಕೋಸ್ಕರ ಅಲ್ಲೇ ಉಳ್ಕೋಬೇಡ.

ಕೆ.ಎಂ. ರಸ್ತೇಲಿ ಒಬ್ಬ ಹೆಂಗಸು ತಿಂಗಳಿಂದ ಓಡಾಡ್ತಿದಾರೆ, ಒಬ್ರೇ ಮಾತಾಡ್ಕೊತಾರೆ, ಭಾಷೆ ಗೊತ್ತಾಗ್ತಿಲ್ಲ. ತಂಗುದಾಣದೋರು ಕರ್ಕೊಂಡು ಹೋಗ್ತಾರಾ? (ಕಡೂರು)

ಇಂಥವರನ್ನ ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ತಂಗುದಾಣ ಆಮೇಲೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 100ನೇ ಸೆಕ್ಷನ್ ಪ್ರಕಾರ ಹಿಂಗೆ ಅಲೀತಿರೋರನ್ನ ರಕ್ಷಣೆಗೆ ತಗೊಳೋದು ಆ ಜಾಗದ ಪೊಲೀಸ್ ಠಾಣೆ ಅಧಿಕಾರಿ ಕರ್ತವ್ಯ, 24 ಗಂಟೆ ಒಳಗೆ ಸರ್ಕಾರಿ ಆಸ್ಪತ್ರೆಗೆ ತೋರಿಸ್ಬೇಕು, ಲಾಕಪ್ಪಲ್ಲಿ ಇಡೋ ಹಂಗಿಲ್ಲ, ಮನೆಯವರನ್ನ ಹುಡುಕೋದೂ ಅವರ ಕೆಲಸನೇ. ಠಾಣೇಲಿ ಇದು ನಮ್ಮ ಕೆಲಸ ಅಲ್ಲ ಅಂದ್ರೆ ಈ ಸೆಕ್ಷನ್ ನಂಬರ್ ಹೇಳಿ. ನಾನು ಹಂಗೆ ಹೇಳಿ ಎರಡು ಸಲ ಕೆಲಸ ಆಗಿದೆ. ಹೆಂಗಸಾದ್ರಿಂದ ಮಹಿಳಾ ಪೊಲೀಸ್ ಇರ್ಲಿ ಅಂತ ಕೇಳಿ, ರಾತ್ರಿ ತನಕ ಕಾಯ್ಬೇಡಿ.

ಔಷಧಿ ಶುರುವಾಗಿ ಸ್ವಲ್ಪ ದಿನಕ್ಕೆ ಊರಿನ ಹೆಸರು ಬಾಯಿಗೆ ಬರುತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಡಾ. ಭರತ್ ವಟವಾಣಿ ಅವರು ಇದೇ ಕೆಲಸ ಮಾಡ್ತಾ ಬಂದಿರೋದು, ರಸ್ತೇಲಿ ಸಿಕ್ಕೋರಿಗೆ ಚಿಕಿತ್ಸೆ ಕೊಟ್ಟು ದೇಶದ ಯಾವ ಮೂಲೆ ಆದ್ರೂ ಮನೆ ತನಕ ಬಿಟ್ಟು ಬರೋದು. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಭಾಷೆ ಗೊತ್ತಾಗ್ತಿಲ್ಲ ಅಂದ್ರಲ್ಲ, ಕಾಫಿ ತೋಟಕ್ಕೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದಿರೋ ಕೆಲಸಗಾರರನ್ನ ಯಾರನ್ನಾದ್ರೂ ಕರ್ಕೊಂಡು ಹೋಗಿ ಮಾತಾಡಿಸಿ ನೋಡಿ.

ನಾವು ಕಾಲೇಜ್ ಫ್ರೆಂಡ್ಸ್ ಸೇರಿ ಕಂಬಳಿ ಹಂಚೋಣ ಅಂತಿದೀವಿ, ಎಷ್ಟು ಬೇಕು? (ಹಾಸನ)

ಕಂಬಳಿ ಡಿಸೆಂಬರಲ್ಲಿ ಎಲ್ಲರೂ ಕೊಡ್ತಾರೆ. ಜುಲೈಲಿ ಬನ್ನಿ, ಜಡಿಮಳೇಲಿ ಒದ್ದೆ ಬಟ್ಟೆ ವಾರ ಆದ್ರೂ ಒಣಗಲ್ಲ, ಆಗ ಟವೆಲ್ಲು, ಒಳಬಟ್ಟೆ, ಚಪ್ಪಲಿ, ಹೆಣ್ಮಕ್ಕಳಿಗೆ ಪ್ಯಾಡ್ ಇವು ಬೇಕು, ಇವನ್ನ ಯಾರೂ ತರಲ್ಲ. ದುಡ್ಡಿಲ್ಲ ಅಂದ್ರೆ ಟೈಮ್ ಕೊಡಿ. ಒಬ್ಬೊಬ್ಬರು ಒಬ್ಬೊಬ್ಬರನ್ನ ಆಧಾರ್ ಸೆಂಟರಿಗೆ ಕರ್ಕೊಂಡು ಹೋಗಿ ಬನ್ನಿ. ಮನೆ ವಿಳಾಸ ಇಲ್ಲದಿದ್ರೂ ಮಾನ್ಯತೆ ಇರೋ ಆಶ್ರಯ ಕೇಂದ್ರದ ಮುಖ್ಯಸ್ಥರು ನಮೂನೇಲಿ ಸಹಿ ಹಾಕಿ ಕೊಟ್ರೆ ಆಧಾರ್ ಆಗುತ್ತೆ. ವೋಟಿಗೂ ಅಷ್ಟೇ, ಮತದಾರರ ಪಟ್ಟಿಗೆ ಸೇರೋ ಫಾರಂ 6ರಲ್ಲಿ ಮಲಗೋ ಜಾಗನೇ ಬರೀಬಹುದು, ಮತಗಟ್ಟೆ ಅಧಿಕಾರಿ (ಬಿ.ಎಲ್.ಓ.) ರಾತ್ರಿ ಬಂದು ನೋಡಿ ಖಾತ್ರಿ ಮಾಡ್ಕೊತಾರೆ. ಇದು ಎಷ್ಟೋ ಕಚೇರಿಗಳಲ್ಲೇ ಗೊತ್ತಿರಲ್ಲ, ನೀವು ಹುಡುಗ್ರು ಪಕ್ಕದಲ್ಲಿ ನಿಂತ್ರೆ ವಾಪಸ್ ಕಳಿಸಲ್ಲ.

ನಮ್ಮ ಟ್ರಸ್ಟಿನಿಂದ ಹಾಸನದಲ್ಲಿ ಒಂದು ತಂಗುದಾಣ ಶುರು ಮಾಡ್ಬೇಕು ಅಂತಿದೀವಿ. ಊರಾಚೆ ಒಂದು ಶೆಡ್ ಬಾಡಿಗೆಗೆ ಸಿಕ್ಕಿದೆ. ನಿಮ್ಮ ಸಲಹೆ? (ಹಾಸನ)

ಊರಾಚೆ ಬೇಡ. ಇದೊಂದನ್ನ ಗಟ್ಟಿಯಾಗಿ ಹೇಳ್ತೀನಿ. ಮಲಗೋರು ಇರೋದು ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಆಸ್ಪತ್ರೆ, ಮಾರ್ಕೆಟ್ ಹತ್ರ, ಕೂಲಿ ಸಿಗೋದೂ ಅಲ್ಲೇ. ಆಟೋಗೆ 80 ಕೊಟ್ಟು ಯಾರು ಬಂದು ಮಲಗ್ತಾರೆ? ಕೇಂದ್ರದ ಡೇ-ನಲ್ಮ್ ಯೋಜನೆ ಮಾರ್ಗಸೂಚೀಲೂ ಹಂಗೇ ಹೇಳಿದ್ರು, ಅದರ ಜೊತೆಗೆ 1 ಲಕ್ಷ ಜನಸಂಖ್ಯೆಗೆ ಕಡಿಮೆ ಅಂದ್ರೂ 100 ಜನಕ್ಕೆ ಜಾಗ ಇರ್ಬೇಕು, ಒಬ್ಬೊಬ್ಬರಿಗೆ 50 ಚದರಡಿ, ವರ್ಷ ಪೂರ್ತಿ ನಡೀಬೇಕು ಅಂತಿತ್ತು. ಒಂದೇ ಕಡೆ 100 ಜನರನ್ನ ತುಂಬೋ ಬದ್ಲು ಎರಡು ಕಡೆ ಐವತ್ತೈವತ್ತು ಇಡಿ. ಹೆಂಗಸರಿಗೆ, ಸಂಸಾರ ಇರೋರಿಗೆ ಬೇರೆನೇ ಬೇಕು, ನಡುವೆ ಪರದೆ ಕಟ್ಟಿ ಅಡ್ಜಸ್ಟ್ ಮಾಡೋದಲ್ಲ.

ಅಕ್ಕಪಕ್ಕದೋರು ಬೇಡ ಅಂತಾರೆ, ರೆಡಿ ಇರಿ. ನಮ್ಮ ಬೀದೀಲೂ ಸಹಿ ಸಂಗ್ರಹ ಆಗಿತ್ತು. ನಾವು ಜಗಳಕ್ಕೆ ಹೋಗ್ದೆ ಮನೆಮನೆಗೆ ಹೋಗಿ ಒಂದಿನ ಸಂಜೆ ಕಾಫಿಗೆ ಬನ್ನಿ ಅಂತ ಕರೆದ್ವಿ, ಬಂದೋರು ಏಳೇ ಜನ, ಆದ್ರೆ ಅದರಲ್ಲಿ ಒಬ್ಬರು ರಿಟೈರ್ಡ್ ನರ್ಸ್, ಆಮೇಲೆ ನಾಲ್ಕು ವರ್ಷ ವಾರಕ್ಕೆರಡು ದಿನ ಬಂದು ಎಲ್ಲರ ಬಿ.ಪಿ., ಶುಗರ್ ನೋಡಿ ಹೋಗ್ತಿದ್ರು.

ಇನ್ನು ಗೇಟ್ ಟೈಮ್. ನಾವು ಶುರುವಲ್ಲಿ 9ಕ್ಕೆ ಗೇಟ್ ಹಾಕ್ತಿದ್ವಿ, ಶಿಸ್ತು ಅಂತ. ಛತ್ರದಲ್ಲಿ ಬಡಿಸೋ ಹುಡುಗ ಒಬ್ಬ ಮದುವೆ ಸೀಸನ್ನಲ್ಲಿ ರಾತ್ರಿ ಒಂದೂವರೆಗೆ ಬಂದು, ಬೀಗ ನೋಡಿ, ಕರೀದೇನೇ ಗೇಟಿಗೊರಗಿ ಮಲಗಿದ್ದ, ಬೆಳಿಗ್ಗೆ ಹಾಲು ತರೋಕೆ ಹೋದಾಗ ನೋಡಿದ್ವಿ. ಆವತ್ತಿಂದ ವಾಚ್‌ಮನ್ ಹಾಸಿಗೆ ಗೇಟಿನ ಪಕ್ಕಕ್ಕೇ ಹಾಕಿ, ಎಷ್ಟೊತ್ತಿಗೆ ಬಂದ್ರೂ ಗಂಟೆ ಹೊಡೀರಿ ಅಂತ ಬೋರ್ಡ್ ಬರೆಸಿದ್ವಿ, ಓದೋಕೆ ಬರದೇ ಇರೋರಿಗೆ ಗಂಟೆ ಚಿತ್ರನೂ ಹಾಕಿಸಿದ್ವಿ. ನೀವು ಶೆಡ್ಡಿಗೆ ಅಡ್ವಾನ್ಸ್ ಕೊಡೋ ಮುಂಚೆ ಒಂದು ವಾರ ರಾತ್ರಿ 10ರಿಂದ 2ರ ತನಕ ಹಾಸನ ಬಸ್‌ಸ್ಟ್ಯಾಂಡ್ ಸುತ್ತ ನಡೆದು, ಯಾರು ಎಲ್ಲಿ ಎಷ್ಟೊತ್ತಿಗೆ ಮಲಗ್ತಾರೆ ಅಂತ ಬರ್ಕೊಳಿ, ಆ ಪಟ್ಟಿ ತಗೊಂಡು ಬನ್ನಿ, ನಾನೂ ಬಂದು ಜಾಗ ನೋಡ್ತೀನಿ.