ಹಾವು ಕಡಿದರೂ ಇಂಜೆಕ್ಷನ್ ಕೊಡದಿರುವುದೇಕೆ?

ಪ್ರಶ್ನೆ: ಗದ್ದೆಯಲ್ಲಿ ಹಾವು ಕಡಿದ ನಮ್ಮ ತಂದೆಯವರನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದರೆ, ರಕ್ತ ತೆಗೆದು, ಇಂಜೆಕ್ಷನ್ ಕೊಡದೆ ಒಂದು ದಿನ ಸುಮ್ಮನೆ ಮಲಗಿಸಿ ಕಳುಹಿಸಿದರು. ಇದಕ್ಕಿಂತ ನಾಟಿ ಮದ್ದೇ ಮೇಲಲ್ಲವೇ?

ಉತ್ತರ: ಪ್ರತಿ ಮಳೆಗಾಲದಲ್ಲೂ ಈ ದೂರು ಬರುತ್ತದೆ. ಅವರನ್ನು ಯಾರೂ ಸುಮ್ಮನೆ ಮಲಗಿಸಿರಲಿಲ್ಲ. ತೆಗೆದ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲ ಅಥವಾ ಗರಗಸ ಮಂಡಲದ ವಿಷ ಏರಿರಬೇಕು. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರಗಳನ್ನು ಹಿಡಿಯುವುದರಿಂದ ರೆಪ್ಪೆ ಜೋಲುತ್ತದೆಯೇ, ಮಾತು ತೊದಲುತ್ತದೆಯೇ ಎಂದು ಗಮನಿಸುತ್ತಿರಬೇಕು. ಕಟ್ಟುಹಾವು ಕಡಿದಾಗ ನೋವಾಗಲಿ ಗುರುತಾಗಲಿ ಇಲ್ಲದೆ, ಗಂಟೆಗಟ್ಟಲೆ ತಡವಾಗಿ ಉಸಿರು ಕಟ್ಟುವುದುಂಟು. 24 ಗಂಟೆಗಳ ನಿಗಾ ಅದಕ್ಕಾಗಿಯೇ. ಈ ನಾಲ್ಕಕ್ಕೂ ಇರುವ ಒಂದೇ ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುವುದರಿಂದ, ಕೆಲವರಿಗೆ ತೀವ್ರ ಅಲರ್ಜಿಯಾಗಿ ರಕ್ತದೊತ್ತಡವೇ ಕುಸಿಯುತ್ತದೆ. ವಿಷವೇರದವರಿಗೆ, ಮನೆಯವರ ಒತ್ತಾಯಕ್ಕೆ ಮಣಿದು ಅದನ್ನು ಚುಚ್ಚುವ ವೈದ್ಯರನ್ನು ನಾನಂತೂ ಮೆಚ್ಚಲಾರೆ.

ಇನ್ನು ನಾಟಿ ಮದ್ದಿನ ಮಾತು. ಕಡಿತಗಳಲ್ಲಿ ಬಹುಪಾಲು ವಿಷವಿಲ್ಲದ ಹಾವುಗಳದ್ದು. ವಿಷದ ಹಾವೂ ಎಷ್ಟೋ ಬಾರಿ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಸೊಪ್ಪಿನ ರಸ ಕುಡಿದರೂ ಬದುಕುತ್ತಾರೆ, ಕುಡಿಯದಿದ್ದರೂ ಬದುಕುತ್ತಾರೆ, ಕೀರ್ತಿ ಮಾತ್ರ ಸೊಪ್ಪು ಅರೆದವನಿಗೆ. ಕೊಳಕುಮಂಡಲ ಕಡಿದವರು ಅವನ ಬಳಿ ಎರಡು ದಿನ ಕಳೆದು, ಮೂತ್ರ ನಿಂತ ಮೇಲೆ ಡಯಾಲಿಸಿಸ್‌ಗೆಂದು ನಮ್ಮಲ್ಲಿಗೆ ಬಂದು ತೀರಿಕೊಂಡರೆ ಅಪಕೀರ್ತಿ ಆಸ್ಪತ್ರೆಗೆ. ವಿಷಕಲ್ಲು, ಮಂತ್ರ, ಬ್ಲೇಡಿನಿಂದ ಕೊಯ್ಯುವುದು, ಹಗ್ಗ ಬಿಗಿಯುವುದು, ಎಲ್ಲವೂ ಕಾಲಹರಣ. ಕೊನೆಯೆರಡು ಅಪಾಯಕಾರಿಯೂ ಹೌದು. ಪ್ರತಿವಿಷವಿರುವ ತಾಲ್ಲೂಕು ಆಸ್ಪತ್ರೆ ಹತ್ತಿರವಿದ್ದರೆ ಅದನ್ನು ದಾಟಿ ಜಿಲ್ಲಾಸ್ಪತ್ರೆಗೆ ಓಡಬೇಡಿ.

ಪ್ರಶ್ನೆ: ಕಡಿದ ಹಾವನ್ನು ಹಿಡಿದು ತರಬೇಕೇ?

ಉತ್ತರ: ಬೇಡ, ಸತ್ತದ್ದೂ ಬೇಡ, ನಮಗೆ ಇನ್ನೊಬ್ಬ ರೋಗಿ ಬೇಕಾಗಿಲ್ಲ.

ಪ್ರಶ್ನೆ: ಮಕ್ಕಳಿಗೆ ಪ್ರತಿವಿಷದ ಪ್ರಮಾಣ ಕಡಿಮೆ ಮಾಡುತ್ತಾರೆಯೇ?

ಉತ್ತರ: ಇಲ್ಲ. ಹಾವು ವಯಸ್ಸು ನೋಡಿ ವಿಷ ಬಿಡುವುದಿಲ್ಲ.

ಪ್ರಶ್ನೆ: ನಾಯಿ ಕಡಿದರೆ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಕೊಡುತ್ತಾರೆಂದು ಹೆದರಿಕೆ.

ಉತ್ತರ: ಆ ಪದ್ಧತಿ ನಿಂತು ವರ್ಷಗಳೇ ಕಳೆದಿವೆ. ಈಗ ಲಸಿಕೆ ಕೊಡುವುದು ತೋಳಿಗೆ. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಬನ್ನಿ.