ಆರ್32 ಜಿಟಿ-ಆರ್ ತಗೊಳ್ಳೋ ಮುಂಚೆ: ಮೊದಲು ಚಾಸಿಸ್ ನಂಬರ್, ಆಮೇಲೆ ಪೇಪರ್

ಡಲ್ಲಾಸ್‌ನ ಗೆಳೆಯರೇ, 1991ರ ನಿಸಾನ್ ಸ್ಕೈಲೈನ್ ಆರ್32 ಜಿಟಿ-ಆರ್ ಸಿಕ್ಕಿದೆ, ಜಪಾನಿನಿಂದ ಬಂದದ್ದು, ಪೇಪರ್ ಎಲ್ಲ ಕ್ಲಿಯರ್ ಅಂತ ಮಾರುವವರು ಹೇಳುತ್ತಿದ್ದಾರೆ, ಏನೇನು ನೋಡಬೇಕು ಅಂತ ಕೇಳಿದ್ದೀರಿ. ಪೇಪರ್ ಆಮೇಲೆ. ಮೊದಲು ಅದು ನಿಜವಾಗಲೂ ಜಿಟಿ-ಆರ್ ಹೌದೋ ಅಲ್ಲವೋ ಖಾತ್ರಿ ಮಾಡಿಕೊಳ್ಳಿ.

ಆರ್32 ಅಂದರೆ ಸ್ಕೈಲೈನಿನ ಒಂದು ತಲೆಮಾರು, ಜಿಟಿ-ಆರ್ ಅದರ ಮೇಲ್ದರ್ಜೆಯ ಮಾಡೆಲ್. ಅದೇ ಆರ್32ರಲ್ಲಿ ಜಿಟಿಎಸ್-ಟಿ ಅಂತ ಇನ್ನೊಂದು ಮಾಡೆಲ್ ಇದೆ. 2 ಲೀಟರ್ ಎಂಜಿನ್, ಒಂದೇ ಟರ್ಬೊ, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಅದಕ್ಕೆ ಜಿಟಿ-ಆರ್ ಬಂಪರ್, ಸ್ಪಾಯ್ಲರ್, ಬ್ಯಾಡ್ಜ್ ಹಾಕಿಬಿಟ್ಟರೆ ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಬೆಲೆ ಮಾತ್ರ ಅಜಗಜಾಂತರ.

ಜಪಾನಿನಲ್ಲೇ ಮಾರಲು ಮಾಡಿದ ಗಾಡಿಗೆ ಅಮೆರಿಕದ ಹಾಗೆ 17 ಅಕ್ಷರದ ವಿನ್ (ಗಾಡಿಯ ಗುರುತಿನ ನಂಬರ್) ಇರುವುದಿಲ್ಲ. ಇರುವುದು ಚಾಸಿಸ್ ನಂಬರ್: ಮಾಡೆಲ್ ಕೋಡ್, ಒಂದು ಅಡ್ಡಗೆರೆ, ಆರು ಅಂಕಿ, ಅಷ್ಟೇ. ಜಿಟಿ-ಆರ್ ಆದರೆ ಬಿಎನ್‌ಆರ್32 ಅಂತಲೇ ಶುರುವಾಗಬೇಕು. ಎಚ್‌ಸಿಆರ್32 ಅಂದರೆ ಜಿಟಿಎಸ್-ಟಿ. ಎಚ್‌ಎನ್‌ಆರ್32 ಅಂದರೆ ಜಿಟಿಎಸ್-4. ಜಿಟಿ-ಆರ್ ಹಾಗೆ ಇದಕ್ಕೂ ನಾಲ್ಕು ಚಕ್ರದ ಡ್ರೈವ್ ಇರುವುದರಿಂದ ಗಾಡಿ ಕೆಳಗೆ ಬಗ್ಗಿ ನೋಡಿದವರೂ ಮೋಸ ಹೋಗಬಹುದು.

ಈ ನಂಬರ್ ಎಂಜಿನ್ ಹಿಂದಿನ ಫೈರ್‌ವಾಲ್ ತಗಡಿನ ಮೇಲೇ ಪಂಚ್ ಆಗಿರುತ್ತದೆ. ಬಾನೆಟ್ ಎತ್ತಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ಕಾಣುತ್ತದೆ. ಅಂಕಿಗಳ ಆಳ, ಅಂತರ ಒಂದೇ ಸಮ ಇದೆಯಾ? ಸುತ್ತ ಗ್ರೈಂಡರ್ ಉಜ್ಜಿದ ಗುರುತು, ವೆಲ್ಡಿಂಗ್ ಗೆರೆ, ಅಷ್ಟು ಜಾಗಕ್ಕೆ ಮಾತ್ರ ಹೊಸ ಪೇಂಟ್ ಇದೆಯಾ? ಉಗುರು ಆಡಿಸಿ ನೋಡಿ. ನಂಬರ್ ಇರುವ ತುಂಡನ್ನೇ ಬೇರೆ ಗಾಡಿಯಿಂದ ಕತ್ತರಿಸಿ ಕೂರಿಸಿದ್ದರೆ ಎಲ್ಲೋ ಒಂದು ಕಡೆ ಅಂಚು ಸಿಗುತ್ತದೆ. ಇದೊಂದಕ್ಕೆ ಅರ್ಧ ಗಂಟೆ ಕೊಟ್ಟರೂ ಜಾಸ್ತಿ ಅಲ್ಲ.

ಎಂಜಿನ್ ಜಾಗದಲ್ಲಿ ರಿವೆಟ್ ಹೊಡೆದ ಪ್ಲೇಟ್ ಕೂಡ ಇರುತ್ತದೆ. ಅದನ್ನು ಕಿತ್ತು ಇನ್ನೊಂದಕ್ಕೆ ಹಾಕುವುದು ಸುಲಭ, ಹಾಗಾಗಿ ಅದೊಂದನ್ನೇ ನಂಬಬೇಡಿ. ಆದರೆ ಅದರಲ್ಲಿ ಬಣ್ಣದ ಕೋಡ್ ಇದೆ: ಕೆಎಚ್2 ಅಂದರೆ ಗನ್ ಗ್ರೇ, 326 ಅಂದರೆ ಬಿಳಿ. ಪ್ಲೇಟ್ ಒಂದು ಬಣ್ಣ, ಗಾಡಿ ಇನ್ನೊಂದು ಬಣ್ಣ ಅಂದರೆ ಮೋಸ ಅಂತಲೇ ಅಲ್ಲ, ಪೇಂಟ್ ಮಾಡಿಸಿರಬಹುದು. ಯಾಕೆ ಮಾಡಿಸಿದರು ಅಂತ ಕೇಳಿ. ಬಾಗಿಲ ಸಂದಿ, ಡಿಕ್ಕಿಯ ಕಾರ್ಪೆಟ್ ಕೆಳಗೆ ಹಳೇ ಬಣ್ಣ ಹುಡುಕಿ.

ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಆರ್32 ಜಿಟಿ-ಆರ್‌ನ ಬಾನೆಟ್, ಮುಂದಿನ ಫೆಂಡರ್ ಎರಡೂ ಅಲ್ಯೂಮಿನಿಯಂ. ಅಯಸ್ಕಾಂತ ಅಂಟಿದರೆ ಅದು ಕಂಪನಿಯಿಂದ ಬಂದ ಭಾಗ ಅಲ್ಲ. ಎಂಜಿನ್ ಆರ್‌ಬಿ26ಡಿಇಟಿಟಿ ಇರಬೇಕು: 2568 ಸಿಸಿ, ಎರಡು ಟರ್ಬೊ, ಆರು ಥ್ರಾಟಲ್. ಆದರೆ ಎಂಜಿನ್ ಬದಲಿಸಬಹುದು, ಹಾಗಾಗಿ ಗುರುತಿಗೆ ಎಂಜಿನ್ ಸಾಕ್ಷಿ ಆಗುವುದಿಲ್ಲ. ಮೂಲ ಸ್ಪೀಡೋಮೀಟರ್ 180 ಕಿಮೀವರೆಗೆ ಮಾತ್ರ. ಅದಕ್ಕಿಂತ ಮೇಲಿನದು ಕೂತಿದ್ದರೆ ಮೀಟರ್ ಬದಲಾಗಿದೆ, ತೋರಿಸುವ ಕಿಲೋಮೀಟರಿಗೆ ಬೆಲೆ ಕೊಡಬೇಡಿ.

ಇನ್ನು ಪೇಪರ್. ಜಪಾನಿನ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್, ಕಸ್ಟಮ್ಸ್‌ನ 7501 ಫಾರಂ, ಎನ್‌ಎಚ್‌ಟಿಎಸ್‌ಎಯ (ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ) ಎಚ್‌ಎಸ್-7 ಫಾರಂ, ಇಪಿಎಯ (ಪರಿಸರ ಇಲಾಖೆ) 3520-1 ಫಾರಂ, ಮತ್ತೆ ಟೈಟಲ್ (ಗಾಡಿಯ ಒಡೆತನದ ದಾಖಲೆ). ಐದರಲ್ಲೂ ಅದೇ ನಂಬರ್ ಇರಬೇಕು, ಒಂದು ಅಂಕಿಯೂ ಆಚೀಚೆ ಆಗಬಾರದು. ಗಾಡಿ ಯಾವ ವರ್ಷ ಅಮೆರಿಕಕ್ಕೆ ಬಂತು ಅಂತಲೂ ನೋಡಿ. ಜಪಾನಿಗೆ ಅಂತ ಮಾಡಿದ ಇಂಥ ಗಾಡಿ 25 ವರ್ಷ ತುಂಬದೆ ಸಾಮಾನ್ಯ ದಾರಿಯಲ್ಲಿ ಅಮೆರಿಕಕ್ಕೆ ಬರುವ ಹಾಗಿಲ್ಲ. ನಿಮ್ಮದು 1991ರದ್ದು, ಹಾಗಾಗಿ 2016ಕ್ಕಿಂತ ಮುಂಚೆ ಬರುವ ಹಾಗಿರಲಿಲ್ಲ. 2008ರಲ್ಲೇ ಬಂದಿದೆ ಅಂದರೆ ಹೇಗೆ ಬಂತು ಅನ್ನುವುದಕ್ಕೆ ಲಿಖಿತ ದಾಖಲೆ ಕೇಳಿ. ನಂತರದ ತಲೆಮಾರಿನ ಆರ್34 ಹುಡುಕುತ್ತಿರುವವರು ಗಮನಿಸಿ: ಈ 25 ವರ್ಷದ ಲೆಕ್ಕ ತಯಾರಾದ ತಿಂಗಳಿನಿಂದ. ಎಕ್ಸ್‌ಪೋರ್ಟ್ ಸರ್ಟಿಫಿಕೇಟ್‌ನಲ್ಲಿರುವುದು ಮೊದಲು ರಿಜಿಸ್ಟರ್ ಆದ ತಿಂಗಳು, ಎರಡೂ ಒಂದೇ ಆಗಿರಬೇಕಿಲ್ಲ.

ಆಕ್ಷನ್ ಶೀಟ್ (ಜಪಾನಿನ ಹರಾಜಿನಲ್ಲಿ ಗಾಡಿಯ ಸ್ಥಿತಿ ಬರೆದ ಹಾಳೆ) ಕೊಟ್ಟರೆ ಗ್ರೇಡ್ ಜಾಗದಲ್ಲಿ ಆರ್ ಅಥವಾ ಆರ್‌ಎ ಇದೆಯಾ ನೋಡಿ. ಇದ್ದರೆ ಆಕ್ಸಿಡೆಂಟ್ ರಿಪೇರಿ ಆದ ಗಾಡಿ. ನಕಲಿ ಶೀಟ್‌ಗಳೂ ಓಡಾಡುತ್ತವೆ, ಹಾಗಾಗಿ ಮಾರುವವರು ಕೊಟ್ಟ ಪ್ರತಿ ಸಾಲದು, ಶೀಟ್ ಪರಿಶೀಲಿಸುವವರಿಂದ ನೀವೇ ತರಿಸಿಕೊಳ್ಳಿ.

ಇವತ್ತೇ ಮೆಸೇಜ್ ಮಾಡಿ ಫೈರ್‌ವಾಲ್ ನಂಬರಿನ ಹತ್ತಿರದ ಫೋಟೋ, ಪ್ಲೇಟಿನ ಫೋಟೋ ಕೇಳಿ. ಆಮೇಲೆ ಕಳಿಸ್ತೀನಿ, ಮೊದಲು ಅಡ್ವಾನ್ಸ್ ಹಾಕಿ ಅಂದರೆ ಬಿಟ್ಟುಬಿಡಿ. ಫೋಟೋ ಬಂದರೆ ಕೊನೆಯ ಮೂರು ಅಂಕಿ ಮುಚ್ಚಿ ಇಲ್ಲಿ ಹಾಕಿ, ಪಂಚಿಂಗ್ ಹೇಗಿದೆ ಅಂತ ನಾನೂ ನೋಡುತ್ತೇನೆ.